ಮೂರೂವರೆ ಗಂಟೆ ಉಳಿದಾಗ

ಫೆಬ್ರವರಿ 3

ತಂಗೀ,

ಗಟ್ಟಿ ಮನಸ್ಸು ಮಾಡಿಕೊಂಡು ಓದು. ನಿಂತಿದ್ದರೆ ಕೂತುಕೋ. ನಿನ್ನೆ ಮಧ್ಯಾಹ್ನ ಡಾಕ್ಟರು ನನ್ನ ಮಂಚದ ಹತ್ತಿರ ಬಂದರು, ನಾಡಿ ಹಿಡಿದರು, ಗೋಡೆ ಗಡಿಯಾರ ನೋಡಿದರು, ಆಮೇಲೆ ಒಂದು ಮಾತೂ ಆಡದೆ ಕೈಬಿಟ್ಟರು. ನಿನ್ನ ಅತ್ತಿಗೆ ಬಾಗಿಲ ಹತ್ತಿರ ನಿಂತು ಕರ್ಚೀಫಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದಳು. ಆಮೇಲೆ ನನ್ನ ಮೈಯ ರಕ್ತವನ್ನೆಲ್ಲ ಹೊರಗೆ ಎಳೆದರು.

ಈಗ ಉಸಿರು ಬಿಡು. ಡಾಕ್ಟರು ಕೈ ಬಿಟ್ಟದ್ದು ನಾಡಿ ಎಣಿಸಿ ಮುಗಿದಿತ್ತು ಅಂತ. ಮುಗಿದ ಮೇಲೂ ಹಿಡಿದುಕೊಂಡಿರಲು ನನ್ನ ಕೈಯೇನು ಬಸ್ಸಿನ ಕಂಬಿಯೇ? ಅತ್ತಿಗೆಯ ಕಣ್ಣಿಗೆ ಹೋದದ್ದು ನೆಲ ಒರೆಸುವ ಫಿನಾಯಿಲಿನ ಘಾಟು. ರಕ್ತ ಹೊರಗೆ ಎಳೆಯುವುದು ವಾರಕ್ಕೆ ಮೂರು ಸಲ ಇದ್ದದ್ದೇ, ಮಷೀನಿನಲ್ಲಿ ಸೋಸಿ ಮತ್ತೆ ನನ್ನೊಳಗೇ ಬಿಡುತ್ತಾರೆ. ನಾನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನೀನು ಹೆದರಿಕೊಂಡದ್ದು ಮಾತ್ರ ನಿನ್ನ ಸ್ವಂತದ್ದು. ಆಯಿತು, ತಪ್ಪು ನನ್ನದೇ. ನಿನ್ನನ್ನು ಹೆದರಿಸದೆ ಮೂರು ವಾರವಾಗಿತ್ತು, ಕೈ ತಡೆಯಲಿಲ್ಲ.

ಫೋನಿನಲ್ಲಿ ನಗಿಸಿ ನಗಿಸಿ ವಿಷಯ ಜಾರಿಸುತ್ತೇನೆ, ಇನ್ನು ಮೇಲೆ ಏನಿದ್ದರೂ ಕಾಗದದಲ್ಲೇ ಅಂತ ಕಟ್ಟಪ್ಪಣೆ ಮಾಡಿದವಳು ನೀನು. ಕಾಗದದ ಮೇಲೆ ನಾನು ಇನ್ನೂ ಚೆನ್ನಾಗಿ ಜಾರುತ್ತೇನೆ ಅನ್ನುವುದು ನಿನಗೆ ಹೊಳೆಯಲಿಲ್ಲ.

ಇಲ್ಲಿ ಎಲ್ಲ ಸುಖ. ನಲವತ್ತು ವರ್ಷ ಲಾಂಡ್ರಿ ಇಟ್ಟುಕೊಂಡು ಊರವರ ಕೊಳೆ ತೆಗೆದೆ. ಈಗ ಎಂಟು ತಿಂಗಳಿಂದ ಸೋಮವಾರ, ಬುಧವಾರ, ಶುಕ್ರವಾರ ನನ್ನನ್ನೇ ಒಗೆಯಲು ಹಾಕುತ್ತಿದ್ದಾರೆ. ನಾಲ್ಕು ಗಂಟೆ ತಿರುಗಿಸಿ, ಹಿಂಡಿ, ಮನೆಗೆ ಕಳಿಸುತ್ತಾರೆ. ಇಸ್ತ್ರಿ ಮಾತ್ರ ಮನೆಯಲ್ಲಿ, ನಿನ್ನ ಅತ್ತಿಗೆಯ ನಾಲಿಗೆಯಿಂದ. ಮೊದಲು ಬೀದಿಯವರೆಲ್ಲ ನನ್ನನ್ನು ಕಿಡಿಗೇಡಿ ಅನ್ನುತ್ತಿದ್ದರು. ಈಗ ನಾನು ಕಿಡ್ನಿಗೇಡಿ.

ಹೊಸ ಸುದ್ದಿ ಅಂದರೆ ನಾನೊಂದು ಸಂಘಕ್ಕೆ ಸೇರಿದ್ದೇನೆ. ಹೆಸರು ಸೋಸಿದವರ ಸಂಘ. ಬೇರೆ ಬೇರೆ ಊರಿನ ಆಸ್ಪತ್ರೆಗಳಲ್ಲಿ ನನ್ನ ಹಾಗೇ ಮಷೀನಿಗೆ ಕಟ್ಟಿಸಿಕೊಂಡು ಮಲಗುವ ಅರವತ್ತು ಜನ ಇದ್ದಾರೆ. ಎಡಗೈಗೆ ಎರಡು ಸೂಜಿ, ಆ ಕೈ ಅಲ್ಲಾಡಿಸುವಂತಿಲ್ಲ. ಬಲಗೈಯಲ್ಲಿ ಫೋನು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಅವರವರ ಮಂಚದಿಂದಲೇ ಒಂದೇ ಸಿನಿಮಾ ನೋಡುತ್ತೇವೆ, ನೋಡುತ್ತಾ ಒಬ್ಬರಿಗೊಬ್ಬರು ಬರೆದುಕೊಳ್ಳುತ್ತೇವೆ. ಒಬ್ಬರು ಮದುವೆ ಬ್ಯಾಂಡಿನ ಮಾಸ್ಟರು, ಒಬ್ಬರು ಲೆಕ್ಕದ ಟೀಚರಮ್ಮ, ಒಬ್ಬ ಲಾರಿ ಓಡಿಸುತ್ತಿದ್ದವನು. ಯಾರ ಮುಖವನ್ನೂ ಕಂಡಿಲ್ಲ, ಮೈಯಲ್ಲಿ ನಿಂತ ನೀರಿನ ಲೆಕ್ಕಕ್ಕೆ ಪ್ರತಿ ಸಲವೂ ತೂಗುವುದರಿಂದ ಎಲ್ಲರ ತೂಕ ಮಾತ್ರ ಗ್ರಾಮಿನವರೆಗೆ ಗೊತ್ತು.

ಈ ತಿಂಗಳ ಕೊನೆಗೆ ಸಾಕ್ಷ್ಯಚಿತ್ರವಂತೆ. ಯಾವುದೋ ಊರಿನ ಕಿಡ್ನಿ ವಾರ್ಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ಒಂದು ವರ್ಷ ಕೂತು ತೆಗೆದದ್ದಂತೆ. ನಾನು ಹಾಸ್ಯ ಚಿತ್ರಕ್ಕೆ ಓಟು ಹಾಕಿ ಸೋತೆ. ಆಸ್ಪತ್ರೆಯಲ್ಲಿ ಮಲಗಿ ಆಸ್ಪತ್ರೆಯ ಸಿನಿಮಾ ನೋಡುವುದು ಅಂದರೆ ಲಾಂಡ್ರಿಯವನು ರಜದಲ್ಲಿ ಇನ್ನೊಂದು ಲಾಂಡ್ರಿ ನೋಡಲು ಹೋದ ಹಾಗೆ. ಸಾಕ್ಷ್ಯಚಿತ್ರವಲ್ಲ, ಸಾಕಪ್ಪಾ ಸಾಕು ಚಿತ್ರ.

ಹೋದ ಕಾಗದದ ಕೊನೆಯ ಸಾಲಿನಲ್ಲಿ ನೀನು ಏನೋ ಕೇಳಿದ್ದೆಯಂತೆ. ಅದು ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು, ಓದಲಾಗಲಿಲ್ಲ.

ನಿನ್ನ ಅಣ್ಣ,
ಒಗೆದು ಒಣಗಲು ಹಾಕಿದವನು


ಫೆಬ್ರವರಿ 11

ಅಣ್ಣ,

ನಿನ್ನ ಕಾಗದ ಬೆಳಿಗ್ಗೆ 7.10ಕ್ಕೆ ಡಿಪೋದಲ್ಲಿ ಕೈಗೆ ಬಂತು. ಮೊದಲ ಪ್ಯಾರಾ ಓದುವಾಗ ಹದಿನಾಲ್ಕನೇ ನಂಬರಿನ ಬಸ್ಸು ಹೊರಡಲು ನನ್ನ ಸಹಿಗೆ ಕಾಯುತ್ತಿತ್ತು. ಎರಡನೇ ಪ್ಯಾರಾ ಮುಟ್ಟುವ ಹೊತ್ತಿಗೆ ನಾಲ್ಕು ನಿಮಿಷ ತಡ. ಟೈಂಕೀಪರ್ ಆಗಿ ಮೂವತ್ತೊಂದು ವರ್ಷವಾಯಿತು, ನನ್ನಿಂದ ತಡವಾಗಿ ಹೊರಟ ಮೊದಲನೇ ಬಸ್ಸು ಅದು. ಡ್ರೈವರು ಕಿಂಡಿಯಲ್ಲಿ ಇಣುಕಿ ಗಡಿಯಾರ ಕೆಟ್ಟಿತೇ ಎಂದು ಕೇಳಿದ. ಗಡಿಯಾರ ಸರಿ ಇದೆ, ಕೆಟ್ಟಿರುವುದು ನಮ್ಮಣ್ಣ ಎಂದೆ.

ಮಡಿಕೆಯಲ್ಲಿ ಸಿಕ್ಕಿಕೊಂಡ ಸಾಲನ್ನು ಈ ಸಲ ಹಾಳೆಯ ನಡುವೆ ಬರೆಯುತ್ತಿದ್ದೇನೆ.

ನನ್ನ ಒಂದು ಕಿಡ್ನಿ ನಿನಗೆ ಕೊಡುತ್ತೇನೆ.

ನನಗೆ ಐವತ್ತೆಂಟು. ಬಿಪಿ ಇಲ್ಲ, ಸಕ್ಕರೆ ಇಲ್ಲ. ಅತ್ತಿಗೆಗೆ ಸಕ್ಕರೆ ಕಾಯಿಲೆ, ಅವರಿಂದ ಆಗುವುದಿಲ್ಲ. ನಿನಗೆ ಮಕ್ಕಳಿಲ್ಲ, ನನಗೂ ಇಲ್ಲ. ನಮ್ಮ ಮನೆಯಲ್ಲಿ ಉಳಿದಿರುವವರು ನಾವಿಬ್ಬರೇ. ಮಷೀನಿನ ಮೇಲೆ ಎಷ್ಟು ವರ್ಷ ಓಡುತ್ತೀಯ ಎಂದು ಅತ್ತಿಗೆಯನ್ನು ಕೇಳಿದೆ. ಅವರು ಮಾತು ಬದಲಾಯಿಸಿದರು. ಈ ಚಾಳಿ ಅವರಿಗೂ ನಿನ್ನಿಂದಲೇ ಅಂಟಿದೆ.

ನನ್ನವು ಎರಡೇ ಪ್ರಶ್ನೆ. ಅಲ್ಲಿ ನಾನು ಯಾರನ್ನು ಕಾಣಬೇಕು? ಯಾವ ದಿನ ಬರಬೇಕು? ಉತ್ತರದಲ್ಲಿ ಜೋಕು ಇದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮುಂದಿನ ವಾರ ಎರಡು ದಿನ ರಜ ಹಾಕಿದ್ದೇನೆ. ಕನ್ನಡಕ ಬದಲಾಯಿಸಬೇಕು.

ತಂಗಿ


ಫೆಬ್ರವರಿ 19

ಟೈಂಪೀಸಮ್ಮನವರಿಗೆ,

ಎರಡು ಪ್ರಶ್ನೆ, ಎರಡು ಉತ್ತರ. ಯಾರನ್ನು ಕಾಣಬೇಕು? ನನ್ನನ್ನು. ಯಾವ ದಿನ? ನೀನು ರಿಟೈರ್ ಆದ ಮಾರನೇ ದಿನ, ಹೊಟ್ಟೆಯೊಳಗಿನ ಸಾಮಾನುಗಳನ್ನೆಲ್ಲ ಇದ್ದ ಜಾಗದಲ್ಲೇ ಇಟ್ಟುಕೊಂಡು.

ಡಾಕ್ಟರು ಆ ಮಾತನ್ನೇ ಎತ್ತಿಲ್ಲ. ಅವರು ಎತ್ತದ್ದನ್ನು ನಾವು ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ಅಲ್ಲದೆ ನಾನು ಅರವತ್ತಾರು ವರ್ಷದ ಕೋಟು. ಹಳೇ ಕೋಟಿಗೆ ಹೊಸ ಲೈನಿಂಗು ಹಾಕಿಸಲು ಬಂದವರಿಗೆಲ್ಲ ಅಂಗಡಿಯಲ್ಲಿ ನಾನೇ ಬುದ್ಧಿ ಹೇಳಿ ಕಳಿಸಿದ್ದೇನೆ: ಕೋಟು ಉಳಿಯಲ್ಲ ಸ್ವಾಮಿ, ಲೈನಿಂಗು ದಂಡ. ಊರಿಗೆ ಹೇಳಿದ ಬುದ್ಧಿ ಮನೆಗೆ ಬೇಡವೇ?

ಇನ್ನು ಆ ಮಾತು ಬಿಡು. ನಮ್ಮ ಸಂಘದ ಕಾಯಿದೆ ಹೇಳುತ್ತೇನೆ, ಟೈಂಕೀಪರಿಗೆ ಖುಷಿಯಾಗುತ್ತದೆ. ಊರೂರಿನ ಆಸ್ಪತ್ರೆಯ ಗಡಿಯಾರ ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತದೆ. ಅದಕ್ಕೇ ನಾವು ಗೋಡೆಯ ಗಡಿಯಾರ ನೋಡುವುದಿಲ್ಲ, ಮಷೀನಿನದನ್ನು ನೋಡುತ್ತೇವೆ. ಅದರಲ್ಲಿ ಕಾಣುವುದು ಇನ್ನೆಷ್ಟು ಹೊತ್ತು ಉಳಿದಿದೆ ಅಂತ. ನಾಲ್ಕು ಗಂಟೆಯಿಂದ ಇಳಿಯುತ್ತಾ ಬರುತ್ತದೆ. ಮೂರೂವರೆ ಉಳಿದಾಗ ಎಲ್ಲರೂ ಸಿನಿಮಾದ ಗುಂಡಿ ಒತ್ತಬೇಕು. ಒಂದೂವರೆಗೆ ಮಂಚ ಹತ್ತುವವರೇ ಎಲ್ಲರೂ, ಆದ್ದರಿಂದ ಹೆಚ್ಚುಕಡಿಮೆ ಎರಡಕ್ಕೆ ಶುರು. ಯಾರದಾದರೂ ಮಷೀನು ನಡುವೆ ನಿಂತರೆ ಅದರ ಗಡಿಯಾರವೂ ನಿಲ್ಲುತ್ತದೆ. ಅವರು ಸಿನಿಮಾವನ್ನೂ ನಿಲ್ಲಿಸಿ, ಮಷೀನು ಹೊರಟಾಗ ಹೊರಡಿಸಬೇಕು.

ಬರೆಯುವಾಗ ಮೊದಲು ಉಳಿದ ಹೊತ್ತು ಹಾಕಬೇಕು. ‘2.40, ಈ ಡಾಕ್ಟರ ಬೂಟು ನೋಡಿ’ ಅಂತ ಬ್ಯಾಂಡ್ ಮಾಸ್ಟರು ಬರೆದಾಗ ನನ್ನ ಮಷೀನು 2.45 ತೋರಿಸುತ್ತಿದ್ದರೆ, ಐದು ನಿಮಿಷ ಕಾದು ಬೂಟು ನೋಡುತ್ತೇನೆ. ಹೊತ್ತು ಹಾಕದೆ ಬರೆದರೆ ಅದು ಸಿನಿಮಾದ ಮಾತಲ್ಲ, ಮನೆಯ ಮಾತು ಅಂತ ಅರ್ಥ. ‘ಕಾಲು ಸೆಳೀತಿದೆ’, ‘ಮಗಳು ಬಂದಳು’, ಇಂಥವು. ಅದಕ್ಕೆ ಸಿನಿಮಾ ನಿಲ್ಲಿಸಿಯಾದರೂ ಉತ್ತರ ಕೊಡುತ್ತಾರೆ.

ಕನ್ನಡಕ ಬಂದ ಮೇಲೆ ಈ ಕಾಗದ ಇನ್ನೊಂದು ಸಲ ಓದು. ‘ಬೇಡ’ ಅಂತ ಎಲ್ಲೂ ಬರೆದಿಲ್ಲ, ಆದರೂ ಕಾಣಿಸಬೇಕು.

ನಿನ್ನ ಅಣ್ಣ,
ಹಳೇ ಕೋಟು


ಫೆಬ್ರವರಿ 28

ತಂಗೀ,

ನಿನ್ನೆ ಸಾಕ್ಷ್ಯಚಿತ್ರ ಆಯಿತು. ನಿನಗೆ ಪೂರ್ತಿ ಕಥೆ ಬೇಕೇ ಬೇಕು, ಆದ್ದರಿಂದ ವರದಿ ಒಪ್ಪಿಸುತ್ತಿದ್ದೇನೆ.

ಚೆನ್ನಾಗಿತ್ತು, ಒಪ್ಪಿಕೊಳ್ಳುತ್ತೇನೆ. ಮೊದಲ ಹತ್ತು ನಿಮಿಷ ಯಾರೂ ಮಾತನಾಡುವುದೇ ಇಲ್ಲ. ಒಬ್ಬಳು ನರ್ಸು ಬೆಳಿಗ್ಗೆ ಬಂದು ಹನ್ನೆರಡು ಮಷೀನುಗಳನ್ನು ಒಂದೊಂದಾಗಿ ಎಬ್ಬಿಸುತ್ತಾಳೆ, ಅಷ್ಟೇ. ನಮ್ಮ ಅರವತ್ತು ಜನವೂ ಉಸಿರು ಹಿಡಿದು ನೋಡಿದೆವು. ನಾವು ಯಾವತ್ತೂ ನೋಡದ ಹೊತ್ತು ಅದು, ನಾವು ಬರುವಾಗ ಅವೆಲ್ಲ ಎದ್ದು ಕೂತಿರುತ್ತವಲ್ಲ. ಆಮೇಲೆ ಒಬ್ಬ ಮುದುಕ ದಿನಕ್ಕೆ ಎಷ್ಟು ಲೋಟ ನೀರು ಅಂತ ಡಾಕ್ಟರಿಗೆ ಸುಳ್ಳು ಹೇಳುತ್ತಾನೆ. ತೂಕದ ಮಷೀನು ಅವನನ್ನು ಹಿಡಿದುಹಾಕುತ್ತದೆ, ಅವನು ಎರಡೂ ಕೈ ಮೇಲೆತ್ತಿ ಶರಣಾಗುತ್ತಾನೆ. ‘3.09, ಇವನು ನನ್ನ ಅಣ್ಣನೋ ತಮ್ಮನೋ’ ಅಂತ ಬರೆದೆ. ಮೂವತ್ತು ಜನ ನಕ್ಕರು.

ಅದೇ ಹುರುಪಿನಲ್ಲಿ ಆ ಮುದುಕನ ಹಾಗೆ ಎರಡೂ ಕೈ ಮೇಲೆತ್ತಿ ನಮ್ಮ ಸಿಸ್ಟರಿಗೆ ತೋರಿಸಲು ಹೋದೆ. ಸೂಜಿಯ ಕೈ ಅನ್ನುವುದು ಮರೆತೇಹೋಯಿತು. ಸೂಜಿ ಸರಿಯಿತು, ಮಷೀನು ಬೊಬ್ಬೆ ಹೊಡೆಯಿತು, ಕೈ ಊದಿತು. ಸಿಸ್ಟರು ಮಷೀನು ನಿಲ್ಲಿಸಿ ಬೇರೆ ಕಡೆ ಚುಚ್ಚಿದರು. ಬೈದದ್ದು ಬರೆಯುವ ಹಾಗಿಲ್ಲ. ಅದಾದ ಮೇಲೆ ಸಿನಿಮಾ ಮುಂದುವರಿಸಿದೆ.

ಅದರಲ್ಲಿ ಯಾರೋ ರೋಗಿಯ ನೆಂಟ ಬಾಟಲಿಯಲ್ಲಿ ಕಂದು ಬಣ್ಣದ ಬೇರಿನ ನೀರು ತುಂಬಿಕೊಂಡು ವಾರ್ಡಿಗೆ ನುಗ್ಗುತ್ತಾನೆ. ಇದು ಕುಡಿದರೆ ಮಷೀನೇ ಬೇಡ ಅಂತಾನೆ. ನರ್ಸು ಬಾಗಿಲಲ್ಲೇ ತಡೆಯುತ್ತಾಳೆ. ನಮ್ಮ ಪಕ್ಕದ ಮನೆಯವರನ್ನೇ ಕಂಡ ಹಾಗಾಯಿತು. ಅವರೂ ವಾರಕ್ಕೊಂದು ಬಾಟಲಿ ತಂದು, ‘ಕುಡೀರಿ, ನನ್ನ ಮೇಲೆ ಭಾರ ಹಾಕಿ’ ಅಂತಾರೆ. ಅದರ ಬಗ್ಗೆಯೂ ಒಂದು ಚಟಾಕಿ ಬರೆದೆ. ಏನಾಯಿತೋ, ಒಬ್ಬರೂ ನಗಲಿಲ್ಲ.

ಉಳಿದದ್ದು ಹೀಗೇ ಏನೇನೋ. ಕೊನೆಕೊನೆಗೆ ನಿದ್ದೆ ಬಂದುಬಿಟ್ಟಿತು.

ನಿನ್ನ ಅಣ್ಣ,
ಊದಿದ ಕೈಯವನು


ಮಾರ್ಚ್ 14

ತಂಗೀ,

ಹದಿನಾಲ್ಕು ದಿನವಾಯಿತು. ಡಿಪೋದಲ್ಲಿ ಮುಷ್ಕರವೇ? ಅಂಚೆಯವನಿಗೆ ಮದುವೆಯೇ? ಅಥವಾ ಆ ನಾಲ್ಕು ನಿಮಿಷದ ಸೇಡೇ? ಸೇಡಾದರೆ ಬಡ್ಡಿ ಜಾಸ್ತಿಯಾಯಿತು.

ಇಲ್ಲಿ ಒಂದು ಭಯಂಕರ ಸುದ್ದಿ ಇದೆ, ಆದರೆ ನೀನು ಉತ್ತರ ಬರೆದರೆ ಮಾತ್ರ ಹೇಳುತ್ತೇನೆ. (ಸುದ್ದಿ ಇಲ್ಲ. ಉತ್ತರ ಬೇಕಿತ್ತು.)

ಹೊಸ ಕನ್ನಡಕ ಸರಿ ಹೊಂದಲಿಲ್ಲವೇ? ಮೊದಮೊದಲು ತಲೆ ನೋಯುತ್ತದೆ, ಓದಲು ಬರೆಯಲು ಬೇಜಾರಾಗುತ್ತದೆ. ಅದೇ ಇರಬೇಕು ಅಂತ ನಾನು ಸಮಾಧಾನ ಮಾಡಿಕೊಂಡಿದ್ದೇನೆ. ನಿನ್ನ ಅತ್ತಿಗೆ ನನ್ನನ್ನು ಒಂದು ಥರ ನೋಡಿ ಒಳಗೆ ಹೋಗುತ್ತಾಳೆ.

ಅಣ್ಣ


ಮಾರ್ಚ್ 25

ತಂಗೀ,

ಈ ಸಲ ಮೊದಲ ಪ್ಯಾರಾದಲ್ಲಿ ಏನೂ ಇಲ್ಲ, ಧೈರ್ಯವಾಗಿ ಓದು.

ನಿನಗೇನಾದರೂ ಆಗಿದೆಯೇ? ಡಿಪೋಗೆ ಫೋನು ಮಾಡಿದೆ. ಸೀಟಿನಲ್ಲೇ ಇದ್ದಾರೆ, ಕರೆಯಲೇ ಎಂದರು. ಕರೆದರು. ನೀನು ಬರಲಿಲ್ಲ. ಹಿಂದುಗಡೆ ನಿನ್ನ ಧ್ವನಿ ಕೇಳಿಸಿತು, ಯಾವುದೋ ಬಸ್ಸಿಗೆ ಹೊತ್ತು ಹೇಳುತ್ತಿದ್ದೆ. ಆರೋಗ್ಯವಾಗಿದ್ದೀಯ ಎಂದು ಗೊತ್ತಾಯಿತು, ಅದರಿಂದ ಇನ್ನೂ ದಿಗಿಲಾಯಿತು.

ಅತ್ತಿಗೆಯನ್ನು ಕೇಳಿದರೆ, ‘ನನ್ನನ್ನ ಯಾಕೆ ಕೇಳ್ತೀರಿ, ನೀವೇ ಏನು ಮಾಡಿದ್ದೀರಿ ನೆನಪು ಮಾಡ್ಕೊಳಿ’ ಅನ್ನುತ್ತಾಳೆ. ಮಾಡಿದ್ದು ಒಂದೇ ಎರಡೇ? ಎಲ್ಲಿಂದ ಶುರು ಮಾಡಲಿ? ಚಿಕ್ಕವಳಿದ್ದಾಗ ನಿನ್ನ ಶಾಲೆಯ ಚೀಲದಲ್ಲಿ ಕಪ್ಪೆ ಇಟ್ಟದ್ದಕ್ಕೆ ಈಗ ಕೋಪ ಬಂತೇ?

ಒಂದು ಸಾಲು ಬರೆ. ಬೈಗುಳವಾದರೂ ಸರಿ.

ಅಣ್ಣ


ಮಾರ್ಚ್ 29

ಅಣ್ಣ,

ಕಪ್ಪೆಯಲ್ಲ.

ಫೆಬ್ರವರಿ 27, ಶುಕ್ರವಾರ. ನಾನೂ ನಿಮ್ಮ ಸಿನಿಮಾ ನೋಡಿದೆ. ಅತ್ತಿಗೆ ದಾರಿ ತೋರಿಸಿಕೊಟ್ಟರು, ನಿಮ್ಮ ಟೀಚರಮ್ಮ ಒಳಗೆ ಸೇರಿಸಿಕೊಂಡರು. ಡಿಪೋ ಎಂದು ಹೆಸರು ಕೊಟ್ಟಿದ್ದೆ. ಬಂದವರ ಪಟ್ಟಿಯನ್ನು ನೀನು ಓದಿರಲಾರೆ. ನನಗೆ ಮಷೀನಿಲ್ಲ, ಆದ್ದರಿಂದ ಸರಿಯಾಗಿ ಎರಡು ಗಂಟೆಗೆ ಗುಂಡಿ ಒತ್ತಿದೆ. ಮುಗಿದ ಮೇಲೆ ನಿನಗೆ ನಾನೇ ಇಲ್ಲಿದ್ದೇನೆ ಎಂದು ಬರೆದು, ಒಂದು ಸಲವಾದರೂ ನಿನ್ನನ್ನು ಬೆಚ್ಚಿಬೀಳಿಸಬೇಕು ಎಂದಿದ್ದೆ.

ನನ್ನ ಗಡಿಯಾರದಲ್ಲಿ 2.52ಕ್ಕೆ ದೋಣಿ ದಾಟಿಸುವ ಕಡೆ ಟಿಕೆಟ್ ಕೊಡುವ ಹೆಂಗಸು ಪರದೆಗೆ ಬಂದಳು. ಎರಡು ವರ್ಷದಿಂದ ಅಣ್ಣನಿಗೆ ಕಿಡ್ನಿ ತಗೋ ತಗೋ ಅನ್ನುತ್ತಿದ್ದೇನೆ, ಅವನು ಒಪ್ಪುತ್ತಿಲ್ಲ ಅಂದಳು. ಅಳಲಿಲ್ಲ. ಟಿಕೆಟ್ ಹರಿದುಕೊಡುತ್ತಲೇ ಹೇಳಿದಳು. ನಾನು ಫೋನನ್ನು ಮುಖದ ಹತ್ತಿರ ಹಿಡಿದಿದ್ದೆ. ಆಗ ಕೆಳಗೆ ನಿನ್ನ ಹೆಸರು ಕಾಣಿಸಿತು. ನೀನು ಬರೆದದ್ದು ನನಗೆ ಬಾಯಿಪಾಠ ಬರುತ್ತದೆ.

‘ಕೊಡ್ತೀನಿ ಕೊಡ್ತೀನಿ ಅಂತ ಬರೋರನ್ನ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸ್ಬೇಕು. ನಮಗೂ ಒಂದು ಗಂಟುಬಿದ್ದಿದೆ, ಬೇಡ ಅಂದ್ರೂ ಬಿಡಲ್ಲ.’

ಮುಂದೆ ಹೊತ್ತು ಹಾಕಿರಲಿಲ್ಲ. ಹೊತ್ತು ಹಾಕದಿದ್ದರೆ ಮನೆಯ ಮಾತು ಎಂದು ನೀನೇ ಕಲಿಸಿದ್ದೆ.

ನಾನು ಫೋನು ಆರಿಸಿದೆ. ಬೇಡ ಎನ್ನುವುದನ್ನು ನನಗೆ ಹೇಳಬಹುದಾಗಿತ್ತು. ಅರವತ್ತು ಜನ ನಗಲಿ ಎಂದು ಹೇಳಬೇಕಾಗಿರಲಿಲ್ಲ. ಆದರೂ ಕಾದೆ. ನಿನ್ನ ವರದಿ ಬಂತು. ನರ್ಸು ಇದ್ದಳು, ಮುದುಕ ಇದ್ದ, ಬೇರಿನ ನೀರಿತ್ತು. ದೋಣಿಯವಳು ಮಾತ್ರ ಇರಲಿಲ್ಲ. ನಿದ್ದೆ ಬಂತಂತೆ.

ಕನ್ನಡಕ ಬದಲಾಯಿಸಿಲ್ಲ. ಆ ಎರಡು ದಿನ ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿದ್ದೆ. ರಕ್ತ, ಸ್ಕ್ಯಾನು, ಎದೆ, ಮೂತ್ರ, ಎಲ್ಲ ನೋಡಿದರು. ನಿನ್ನ ರಕ್ತದ ಗುಂಪೂ ನನ್ನದೂ ಒಂದೇ. ಇಲ್ಲಿಯವರೆಗೆ ಅಡ್ಡಿಯಿಲ್ಲ, ಮುಂದಿನದು ನಿಮ್ಮ ಆಸ್ಪತ್ರೆಯಲ್ಲಿ ಆಗಬೇಕು ಎಂದರು. ಆ ವರದಿಗಳನ್ನು ಬೀರುವಿನ ಕೆಳಗಿನ ಖಾನೆಗೆ ಹಾಕಿ ಬೀಗ ಹಾಕಿದ್ದೇನೆ.

ಒಂದು ಸಾಲು ಕೇಳಿದ್ದೆ. ಎರಡು ಹಾಳೆಯಾಯಿತು.

ತಂಗಿ


ಏಪ್ರಿಲ್ 4

ತಂಗೀ,

ನಿನ್ನ ಕಾಗದ ಮೊನ್ನೆ ಬಂತು. ನಿನ್ನೆ ಶುಕ್ರವಾರ ಆಸ್ಪತ್ರೆಗೆ ಹೋದವನೇ ಸಿಸ್ಟರ ಹತ್ತಿರ ಫೆಬ್ರವರಿ 27ರ ನನ್ನ ಚಾರ್ಟು ತೆಗೆಸಿದೆ. ಅವರ ಕೈಬರಹದಲ್ಲೇ ಇದೆ: ಗೋಡೆ ಗಡಿಯಾರದ 2.31ರಿಂದ 2.42ರವರೆಗೆ ಮಷೀನು ನಿಲ್ಲಿಸಿದೆ, ರೋಗಿ ಕೈ ಎತ್ತಿದ್ದರಿಂದ. ಅದರ ನಕಲು ಇದರ ಜೊತೆ ಇಟ್ಟಿದ್ದೇನೆ. ‘ರೋಗಿಗೆ ಎಚ್ಚರಿಕೆ ನೀಡಲಾಗಿದೆ’ ಅಂತಲೂ ಇದೆ, ಅದು ಬೈಗುಳದ ಸರಕಾರಿ ರೂಪ.

ಹನ್ನೊಂದು ನಿಮಿಷ, ತಂಗೀ. ಮಷೀನು ನಿಂತಿತು, ಕಾಯಿದೆ ಪ್ರಕಾರ ಸಿನಿಮಾ ನಿಲ್ಲಿಸಿದೆ. ನಿನ್ನ ಕಣ್ಣ ಮುಂದೆ ದೋಣಿಯವಳು ಟಿಕೆಟ್ ಹರಿಯುತ್ತಿದ್ದಾಗ ನನ್ನ ಕಣ್ಣ ಮುಂದೆ ಬೇರಿನ ನೀರಿನವನು ಬಾಗಿಲು ತಳ್ಳುತ್ತಿದ್ದ. ಗಂಟುಬಿದ್ದಿರುವುದು ಅಂದದ್ದು ಪಕ್ಕದ ಮನೆಯವರ ಬಾಟಲಿಗೆ. ಕೈ ನೋವಿನಲ್ಲಿ ಹೊತ್ತು ಹಾಕುವುದು ಮರೆತೆ. ಇದಿಷ್ಟು ಸತ್ಯ, ಚಾರ್ಟು ಸಾಕ್ಷಿ.

ಆದರೆ ನೀನು ಸುಮ್ಮನೆ ತಪ್ಪು ತಿಳಿದುಕೊಂಡೆ ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹನ್ನೊಂದು ನಿಮಿಷ ಕಳೆದ ಮೇಲೆ ಅವಳು ನನ್ನ ಪರದೆಗೂ ಬಂದಳು. ನಿದ್ದೆ ಬರಲಿಲ್ಲ. ಅವಳು ಮಾತು ಮುಗಿಸುವವರೆಗೂ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಕಂಬಳಿ ಮುಖದ ಮೇಲೆ ಎಳೆದುಕೊಂಡೆ. ಚಳಿಯಾಗುತ್ತಾ ಎಂದು ಸಿಸ್ಟರು ಕೇಳಿದರು, ಹೂಂ ಅಂದೆ. ಅದನ್ನೆಲ್ಲ ನಿನಗೆ ಬರೆಯಲು ಆಗಲಿಲ್ಲ.

ನಾನು ಯಾಕೆ ಬೇಡ ಅನ್ನುತ್ತಿದ್ದೇನೆ ಗೊತ್ತೇ? ಕೋಟು, ಲೈನಿಂಗು ಎಲ್ಲ ಬರೀ ಮಾತು. ನಲವತ್ತು ವರ್ಷ ಜನ ನನ್ನ ಕೈಗೆ ಅವರವರ ಬಟ್ಟೆ ಕೊಟ್ಟರು. ಒಂದು ಗುಂಡಿ ಕಳೆದಿದ್ದರೂ ಹುಡುಕಿ ಹೊಲಿದು ವಾಪಸ್ಸು ಕೊಟ್ಟಿದ್ದೇನೆ. ತೆಗೆದುಕೊಂಡದ್ದನ್ನೆಲ್ಲ ಹಿಂತಿರುಗಿಸಿ ಬದುಕಿದವನು ನಾನು. ಇದು ವಾಪಸ್ಸು ಕೊಡಲು ಬಾರದ ಸಾಮಾನು. ನಿನ್ನ ಹೊಟ್ಟೆ ಕುಯ್ದು ತೆಗೆದು ನನಗಿಟ್ಟ ಮೇಲೆ ನನ್ನ ಮೈ ಅದನ್ನು ಒಪ್ಪದೆ ಹೋದರೆ? ಅಥವಾ ಒಪ್ಪಿ, ಹತ್ತು ವರ್ಷ ಕಳೆದ ಮೇಲೆ ನಿನಗೇ ಅದು ಬೇಕಾದರೆ? ಯಾವ ರಶೀದಿ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತೀಯ?

ಇದನ್ನೇ ನಿನ್ನೆ ಸಂಘದಲ್ಲಿ ಬರೆದೆ. ಹೊತ್ತು ಹಾಕದೆ. ಅರವತ್ತು ಜನ ಸಿನಿಮಾ ನಿಲ್ಲಿಸಿದರು. ಎಲ್ಲರಿಗಿಂತ ಮೊದಲು ಉತ್ತರ ಕೊಟ್ಟವನು ಲಾರಿಯವನು: ‘ಅವಳು ಕಿಡ್ನಿ ಕೊಡ್ತೀನಿ ಅಂತಾಳೆ, ನೀನು ಅವಳಿಗೆ ಜೋಕು ಕೊಡ್ತೀಯ. ನಿಮ್ಮಿಬ್ಬರಲ್ಲಿ ಕಂಜೂಸ್ ಯಾರು?’ ಬ್ಯಾಂಡ್ ಮಾಸ್ಟರು ಅವರ ಹೆಂಡತಿಯದನ್ನು ಹಾಕಿಸಿಕೊಂಡು ಒಂಬತ್ತು ವರ್ಷ ಊರೂರು ಸುತ್ತಿ ಊದಿದರಂತೆ, ಮತ್ತೆ ಮಷೀನಿಗೆ ಬಂದದ್ದು ಆಮೇಲೆ. ಹೆಂಡತಿ ಈಗಲೂ ಗಟ್ಟಿಮುಟ್ಟಾಗಿದ್ದಾರಂತೆ, ಒಂಬತ್ತು ವರ್ಷದಲ್ಲಿ ಒಂದು ದಿನಕ್ಕೂ ಕೊಟ್ಟೆನಲ್ಲಾ ಅಂತ ಕೊರಗಲಿಲ್ಲವಂತೆ.

ಟೀಚರಮ್ಮ ಆರು ವರ್ಷದಿಂದ ಕಿಡ್ನಿಯ ಸರದಿಯಲ್ಲಿದ್ದಾರೆ, ಕೇಳೋಣ ಅಂದರೆ ಸಂಬಂಧ ಅನ್ನುವವರು ಒಬ್ಬರೂ ಇಲ್ಲ. ಕೊನೆಗೆ ಬರೆದರು: ‘ನಿಮ್ಮ ತಂಗಿ ನಿಮ್ಮನ್ನ ಪ್ರಶ್ನೆ ಕೇಳಿದ್ದಾರೆ ಅಂದ್ಕೊಂಡಿದ್ದೀರಿ. ಅವರು ಉತ್ತರ ಹೇಳಿದ್ದಾರೆ. ಸರೀನಾ ತಪ್ಪಾ ಅಂತ ಡಾಕ್ಟರು ನೋಡ್ಲಿ. ನೀವು ಯಾಕೆ ಪೇಪರ್ ಕಿತ್ಕೋತೀರಿ?’

ನಾನು ಪೇಪರ್ ಬಿಟ್ಟಿದ್ದೇನೆ. ಬೀರುವಿನ ಬೀಗ ತೆಗೆಯುತ್ತೀಯಾ?

ಅಣ್ಣ


ಏಪ್ರಿಲ್ 11

ಅಣ್ಣ,

ಚಾರ್ಟು ನೋಡಿದೆ. 2.31, 2.42. ಲೆಕ್ಕ ತಾಳೆಯಾಗುತ್ತದೆ. ಮೂವತ್ತೊಂದು ವರ್ಷದಲ್ಲಿ ತಡವಾಗಿ ಬಂದ ಎಷ್ಟೋ ಬಸ್ಸಿನವರು ನನಗೆ ಕಾರಣ ಹೇಳಿದ್ದಾರೆ. ಕಾಗದಪತ್ರ ತಂದುಕೊಟ್ಟವನು ನೀನೊಬ್ಬನೇ. ಕ್ಷಮಿಸಿದ್ದೇನೆ. ನಿದ್ದೆ ಬಂತು ಅಂದದ್ದನ್ನು ಕ್ಷಮಿಸಲು ಇನ್ನೊಂದು ವಾರ ಬೇಕು.

ವಾಪಸ್ಸು ಕೊಡುವ ಮಾತು. ನಾನು ಬಸ್ಸಿಗೆ ಹೊತ್ತು ಕೊಟ್ಟು ಕಳಿಸುತ್ತೇನೆ, ಆ ಹೊತ್ತು ತಿರುಗಿ ಬರಲಿ ಎಂದು ಕೂರುವುದಿಲ್ಲ. ಬಸ್ಸು ಊರು ಮುಟ್ಟಿದರೆ ಸಾಕು. ನನಗೆ ರಶೀದಿ ಬೇಡ.

ಭಯ ನನಗೂ ಇದೆ. ಸ್ಕ್ಯಾನಿನ ದಿನ ಅಂಗಿ ತಿರುವುಮುರುವು ಹಾಕಿಕೊಂಡು ಮನೆಗೆ ಬಂದೆ, ದಾರಿಯಲ್ಲಿ ಒಬ್ಬರೂ ಹೇಳಲಿಲ್ಲ. ನಿಮ್ಮ ಡಾಕ್ಟರು ನೋಡಿ ಬೇಡ ಅನ್ನಬಹುದು. ಅನ್ನಲಿ. ಅವರು ಅಂದರೆ ಮನೆಗೆ ಬಂದು ಮಲಗುತ್ತೇನೆ. ನೀನು ಅಂದರೆ ನಿದ್ದೆ ಬರುವುದಿಲ್ಲ.

ರಜ ಮಂಜೂರಾಗಿದೆ, ಎರಡು ತಿಂಗಳು. ಮೇ 5, ಮಂಗಳವಾರ, ಬೆಳಿಗ್ಗೆ 9.20ಕ್ಕೆ ನಿಮ್ಮ ಊರಿನ ನಿಲ್ದಾಣ. ಆ ಬಸ್ಸು ಸಾಮಾನ್ಯವಾಗಿ ಆರು ನಿಮಿಷ ತಡ ಮಾಡುತ್ತದೆ. ಡ್ರೈವರಿಗೆ ಈಗಲೇ ಹೇಳಿಟ್ಟಿದ್ದೇನೆ.

ತಂಗಿ


ಏಪ್ರಿಲ್ 18

ತಂಗೀ,

ಮೇ 5ರಂದು ಒಂಬತ್ತಕ್ಕೇ ನಿಲ್ದಾಣದಲ್ಲಿರುತ್ತೇನೆ. ಗಾಲಿಕುರ್ಚಿಯಲ್ಲಿ ಕೂತು ಕತ್ತು ವಾಲಿಸಿಕೊಂಡು ನಿನ್ನನ್ನು ಎದುರುಗೊಳ್ಳುವ ಯೋಚನೆ ಇತ್ತು. ನಿನ್ನ ಅತ್ತಿಗೆಗೆ ವಾಸನೆ ಹತ್ತಿ, ಹಾಗೇನಾದರೂ ಮಾಡಿದರೆ ಕುರ್ಚಿ ಸಮೇತ ಅಲ್ಲೇ ಬಿಟ್ಟು ನಿನ್ನನ್ನು ಮಾತ್ರ ಕರೆದುಕೊಂಡು ಬರುತ್ತೇನೆ ಅಂದಿದ್ದಾಳೆ. ನಿಂತುಕೊಂಡೇ ಇರುತ್ತೇನೆ.

ಅವಳು ಮುಂದಿನ ಕೋಣೆಯ ಕಿಟಕಿ ತೆಗೆದು ಗಾಳಿಯಾಡಲು ಬಿಟ್ಟಿದ್ದಾಳೆ. ನಿನ್ನ ಹಾಸಿಗೆಯ ಬಟ್ಟೆ ನಾನೇ ಒಗೆದೆ, ಬಲಗೈಯೊಂದರಲ್ಲೇ. ನೀಲಿ ಒಂದು ಹನಿ ಜಾಸ್ತಿಯಾಯಿತು. ನೋಡಿಯೂ ನೋಡದ ಹಾಗಿರು. ಪಕ್ಕದ ಮನೆಯವರು ನೀನು ಬರುವ ಸುದ್ದಿ ಕೇಳಿ ನಿನಗೂ ಒಂದು ಬಾಟಲಿ ತಯಾರು ಮಾಡಿದ್ದಾರೆ. ಈ ಸಲ ಬಾಗಿಲಲ್ಲಿ ನಿಲ್ಲಿಸಲಿಲ್ಲ, ಒಳಗೆ ಕೂರಿಸಿ ಟೀ ಕೊಟ್ಟೆ. ಬಾಟಲಿ ಗಿಡಕ್ಕೆ ಹೋಯಿತು.

ಬುಧವಾರ ಡಾಕ್ಟರ ಕೋಣೆಗೆ ನಾನೇ ಹೋಗಿ ಮಾತು ಎತ್ತಿದೆ. ಸೊಂಟ ಹಿಡಿಯಲಿಲ್ಲ. ಅರವತ್ತಾರಾದರೆ ಏನಂತೆ, ಹೃದಯ ಗಟ್ಟಿಯಾಗಿದೆ, ನೋಡೋಣ ಅಂದರು. ಒಂದೂವರೆ ತಿಂಗಳ ಪರೀಕ್ಷೆಗಳಿವೆಯಂತೆ, ನಿನಗೂ ನನಗೂ. ಮೊದಲು ನೀನು, ನಿನಗೆ ಒಂದಿಷ್ಟು ತೊಂದರೆ ಅನ್ನಿಸಿದರೂ ಅಲ್ಲಿಗೇ ನಿಲ್ಲಿಸುತ್ತೇನೆ ಅಂದರು. ಆ ಮಾತಿಗೆ ಅವರ ಕೈ ಹಿಡಿದುಕೊಂಡೆ. ಈ ಸಲ ಬೇಗ ಬಿಡದವನು ನಾನು.

ಸಂಘದವರಿಗೆ ಹೇಳಿದೆ. ಲಾರಿಯವನು ಹಾರ್ನಿನ ಸದ್ದು ಕಳಿಸಿದ. ಡಿಪೋ ಅನ್ನುವವರನ್ನು ಸಂಘದಿಂದ ತೆಗೆಯಬಾರದು ಅಂತ ಟೀಚರಮ್ಮ ಠರಾವು ಮಾಡಿದ್ದಾರೆ. ಸೋಸದೆಯೇ ಸದಸ್ಯಳಾದ ಮೊದಲನೆಯವಳು ನೀನು.

ಇನ್ನೊಂದು ಮಾತಿದೆ. ನೀನು ಬಂದ ದಿನ ಎಲ್ಲಕ್ಕಿಂತ ಮೊದಲು ನನ್ನ ಫೈಲು ತೆಗೆದು ನಿನ್ನ ಮುಂದೆ ಇಡುತ್ತಾರೆ. ಅದರ ಎರಡನೇ ಹಾಳೆಯಲ್ಲಿ, ‘ಒಡಹುಟ್ಟಿದವರು’ ಅನ್ನುವ ಕಡೆ, ಮೊದಲು ಬರೆದದ್ದರ ಮೇಲೆ ಒಂದು ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ತಂಗಿ ಒಬ್ಬಳು’ ಅಂತ ಬರೆದಿದೆ. ಅದನ್ನು ಬರೆದದ್ದು ಬುಧವಾರ, ಡಾಕ್ಟರ ಎದುರಿಗೆ, ಅವರದೇ ಪೆನ್ನಿನಲ್ಲಿ. ಗೆರೆಯ ಕೆಳಗಿರುವುದು ಚೆನ್ನಾಗಿಯೇ ಕಾಣುತ್ತದೆ. ನಿನ್ನ ಕಣ್ಣಿಗೆ ಯಾವುದು ತಪ್ಪಿದೆ, ಓದಿಯೇ ಓದುತ್ತೀಯ. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಅಲ್ಲಿ ‘ಯಾರೂ ಇಲ್ಲ’ ಅಂತ ಇದೆ. ಗುಮಾಸ್ತರ ತಪ್ಪಲ್ಲ, ಸಿಸ್ಟರ ತಪ್ಪಲ್ಲ. ಹತ್ತು ತಿಂಗಳ ಹಿಂದೆ, ಮೊದಲನೇ ದಿನ, ಅವರು ಕಿಡ್ನಿಗೆಂದು ಯಾರನ್ನೂ ಕೇಳಬಾರದು, ಯಾರೂ ನಿನ್ನ ಮನೆ ಬಾಗಿಲು ತಟ್ಟಬಾರದು ಅಂತ ನಾನೇ ಬರೆದೆ. ನನ್ನ ಪಿತೂರಿಗಳನ್ನೆಲ್ಲ ತಮಾಷೆ ಅಂತ ಹೇಳಿ ತಪ್ಪಿಸಿಕೊಂಡಿದ್ದೇನೆ. ಇದಕ್ಕೆ ಆ ಹೆಸರು ಕೊಡುವ ಧೈರ್ಯ ನನಗಿಲ್ಲ. ಬರೆದು, ಒಂದು ಸಲ ಓದಿ ನೋಡಿ, ಕೆಳಗೆ ಸಹಿ ಮಾಡಿದೆ.

ನಿನ್ನ ಅಣ್ಣ